ಮೂಕ ಅನ್ನಬಾರದು

ಪ್ರಾಣಿ ಅಧ್ಯಯನ ಸಂಘದಲ್ಲಿ ಸದಸ್ಯರಿಗೆ ಕಿರು ಅನುದಾನ ಹಂಚುವ ಸಭೆ. ಅಧ್ಯಕ್ಷರ ಕಾರಿನಡಿ ಸಿಕ್ಕಿ ಕಾಲು ಮುರಿದುಕೊಂಡು ಗೇಟಿನಲ್ಲಿ ಬಿದ್ದಿದ್ದ ನಾಯಿಯನ್ನು ನೋಡಿ ಬರುತ್ತೇನೆಂದ ವಸುಮತಿಯನ್ನು, “ಆಮೇಲೆ ನೋಡಿದರಾಯ್ತು, ನಿಮ್ಮ ಅರ್ಜಿಯೇ ಮೊದಲು” ಎಂದು ಸಮಿತಿಯವರು ಕೂರಿಸಿದ್ದರು.

“ಬೀದಿಯ ಮೂಕಪ್ರಾಣಿಗಳಿಗೊಂದು ಶಿಬಿರ...” ಎಂದು ಓದಿದ ಅಧ್ಯಕ್ಷರು ಮುಖ ಸಿಂಡರಿಸಿದರು. “ಮೂಕ ಅಂತೀರಲ್ಲಮ್ಮ! ನಮ್ಮ ಸಂಘದವರು ಆಡೋ ಮಾತಾ ಇದು?”

“ನಮ್ಮ ಕಡೆ ಹಾಗೇ ಅನ್ನೋದು ಸರ್. ಹೊರಗೆ ಆ ನಾಯಿ...”

“ಮಾತು ಮರೆಸಬೇಡಿ. ಯಾವ ಪ್ರಾಣಿಯೂ ಮೂಕ ಅಲ್ಲ. ಕೇಳಿಸಿಕೊಳ್ಳೋ ಕಿವಿ ನಮಗಿಲ್ಲ, ಅಷ್ಟೇ.”

ಸಮಿತಿಯವರೆಲ್ಲ ತಲೆದೂಗಿದರು. ಅರ್ಜಿಯನ್ನು ಪಕ್ಕಕ್ಕೆ ತಳ್ಳಿ ಅಧ್ಯಕ್ಷರು ಬಾಗಿಲ ಕಡೆ ಗದರಿದರು:

“ಯಾರ್ರೀ ಅಲ್ಲಿ, ಆ ಕಿಟಕಿ ಮುಚ್ಚಿ ಮೊದಲು! ದರಿದ್ರ ನಾಯಿ, ಆಗಿನಿಂದ ಕಿರುಚಿ ಕಿರುಚಿ ಪ್ರಾಣ ತಿಂತಿದೆ.”