ಸುಡಬಾರದ ಸೀಸೆ

ಊರಿನವರು ಲ್ಯಾಬಿಗೆ ಬಂದು ತಮಗೆ ಬೇಡವಾದ ನೆನಪನ್ನು ಜೇಡಿಮಣ್ಣಿನ ಪುಡಿಯೊಳಗೆ ಉಸಿರಿ ಹೋಗುತ್ತಿದ್ದರು. ಪುಡಿಯ ಪದರಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಮತ್ತೆ ಬೇಕೆನಿಸಿದರೆ ಮೂಸಿದರೆ ಸಾಕು. ಯಾರೂ ಕೇಳದೆ ಉಳಿದದ್ದನ್ನು ಲ್ಯಾಬಿನವರು ಪ್ರತಿ ಶನಿವಾರ ಐನೂರು ಡಿಗ್ರಿಯಲ್ಲಿ ಸುಟ್ಟು, ಖಾಲಿಯಾದ ಪುಡಿಯನ್ನು ಮತ್ತೆ ಬಳಸುತ್ತಿದ್ದರು. ಈ ಪುಡಿಯನ್ನು ಕಂಡುಹಿಡಿದು ಹೆಸರಾದ ಡಾ. ಜಿನದತ್ತರಿಗೆ ಇಂದು ನಿವೃತ್ತಿ.

ಕಪಾಟು ಖಾಲಿ ಮಾಡುವಾಗ ಒಂದು ಸೀಸೆ ಸಿಕ್ಕಿತು. ಚೀಟಿಯ ಮೇಲೆ ಅವರದೇ ಅಕ್ಷರ: ‘ನನ್ನದು. ಸುಡಬಾರದು.’ ಅದರ ಕೆಳಗೆ ಇಪ್ಪತ್ತಾರು ವರ್ಷಗಳ ಸೀಸೆಯ ತೂಕ ಸಾಲಾಗಿ ಬರೆದಿತ್ತು, ಪ್ರತಿ ವರ್ಷವೂ ಚೂರು ಹೆಚ್ಚು.

“ಬೋರಮ್ಮ, ಇದರಲ್ಲಿ ಏನಿದೆ?”

ಮೂವತ್ತು ವರ್ಷದಿಂದ ಲ್ಯಾಬಿನ ಪಾತ್ರೆ ತೊಳೆಯುತ್ತಿದ್ದ ಬೋರಮ್ಮ ತನ್ನ ಊಟದ ಗಂಜಿಯ ಡಬ್ಬಿ ಕೆಳಗಿಟ್ಟಳು. “ವರ್ಷಾ ವರ್ಷಾ ಇದನ್ನೇ ಕೇಳ್ತೀರಿ ಸಾರ್. ಆಮೇಲೆ ಮೂಸ್ತೀರಿ.”

“ಮೂಸಿ?”

“ಅಳ್ತೀರಿ. ನಾಳೆ ಎಲ್ಲರ ಮುಂದೆ ನಿನ್ನ ಹೆಸರು ಹೇಳ್ತೀನಿ ಅಂತೀರಿ. ಕೊನೆಗೆ ಅದನ್ನೂ ಇದರೊಳಗೇ ಉಸಿರಿ ಮುಚ್ಚಳ ಹಾಕ್ತೀರಿ.”

“ನಿನ್ನ ಹೆಸರು ಯಾಕೆ?”

ಅವರಿಗೆ ತಲೆಬುಡ ತಿಳಿಯಲಿಲ್ಲ. ಕೆಳಗೆ ಸಭೆ ಕಾಯುತ್ತಿತ್ತು. ಈ ಪುಡಿ ಮಾಡಲು ಮಣ್ಣಿಗೆ ಗಂಜಿ ಬೆರೆಸಿ ಸುಡುವ ಉಪಾಯ ಹೊಳೆದದ್ದು ಹೇಗೆಂದು ಭಾಷಣದಲ್ಲಿ ಹೇಳಬೇಕಿತ್ತು. ಆ ಒಂದು ದಿನ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರುತ್ತಿರಲಿಲ್ಲ.

ಬೋರಮ್ಮ ಡಬ್ಬಿಯನ್ನು ಮಣ್ಣಿನ ತಟ್ಟೆಗಳಿಂದ ದೂರ ಸರಿಸಿದಳು. ಒಮ್ಮೆ ಅದು ಆ ಮಣ್ಣಿನ ಮೇಲೆ ಚೆಲ್ಲಿದಾಗಿನಿಂದ ಅವಳಿಗೆ ಅದೊಂದು ಅಭ್ಯಾಸ.

“ಇವತ್ತು ಭಾಷಣಕ್ಕೆ ಮುಂಚೆ ಮೂಸ್ತೀರೋ, ಆದ್ಮೇಲೋ?” ಎಂದು ಕೇಳಿದಳು.