ಚೌಕಾಬಾರದ ಹೊಸ ಎದುರಾಳಿ

ನಾಡಿನ ಸ್ವಾತಂತ್ರ್ಯ ಹೋರಾಟಗಳಲ್ಲಿ ಇದನ್ನೂ ಸೇರಿಸಬೇಕು: ಭಾನುವಾರದ ಕ್ರಿಕೆಟ್ ಮ್ಯಾಚ್ ನೋಡುವುದಕ್ಕಾಗಿ ಒಬ್ಬ ಅಳಿಯ ನಡೆಸಿದ್ದು. ಅದೇ ಹೊತ್ತಿಗೆ ಅತ್ತೆಗೆ ಚೌಕಾಬಾರ ಆಡಲು ಅವನೇ ಬೇಕು. ತನ್ನ ಬದಲು ಆಡಲೆಂದು ಅವನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟ.

“ಚೆನ್ನಾಗೇ ಆಡುತ್ತೆ,” ಎಂದರು ಅತ್ತೆ. “ಆದ್ರೆ ಕಾಯಿ ಕಡಿದಾಗ ಒಂದು ಹಂಗಿಸೋ ಮಾತು ಬೇಡ್ವೇ? ಮೂಗರ ಜೊತೆ ಏನು ಆಟ?”

ಅಳಿಯ ಹಂಗಿಸುವುದನ್ನೂ ಕಲಿಸಿದ.

ಮುಂದಿನ ಆಟದಲ್ಲಿ ಅತ್ತೆಯ ಕಾಯಿ ಕಡಿದ ಕಂಪ್ಯೂಟರ್ ಕೇಳಿತು: “ತವರಲ್ಲಿ ಇಷ್ಟೇನಾ ಕಲಿಸಿದ್ದು?”

“ಇನ್ನು ಇದರ ಜೊತೆ ನನಗೆ ಮಾತಿಲ್ಲ!”

“ಹಾಗಾದ್ರೆ ಆಟ ನಿಲ್ಲಿಸಲೇ, ಅತ್ತೆ?” ಎಂದ ಅಳಿಯ.

“ಸೋಲಿಸದೆ ಬಿಡ್ತೀನಾ? ನೀವು ಇಲ್ಲೇ ಕೂತ್ಕೊಳ್ಳಿ. ಎಷ್ಟು ಬಿತ್ತಂತೆ, ಕೇಳಿ ಅದನ್ನ.”

ಈಗ ಪ್ರತಿ ಭಾನುವಾರ ಅಳಿಯ ಇಬ್ಬರ ನಡುವೆ ಕೂತು ಮಾತು ಮುಟ್ಟಿಸುತ್ತಾನೆ.