ಹಲಗೆಯ ಮೇಲಿನ ಭಾರ

ಮೇಷ್ಟ್ರು ನಕ್ಷೆಯನ್ನು ದೋಣಿ ಬಡಗಿಯ ಹಲಗೆಗಳ ಮೇಲೆಯೇ ಹರಡಿದರು. ಕಡಲ ಗಾಳಿಗೆ ಹಾರದಿರಲೆಂದು ಒಂದು ಮೂಲೆಗೆ ಅವನದೇ ಉಳಿ, ಇನ್ನೊಂದು ಮೂಲೆಗೆ ಅವನದೇ ಬಾಚಿ ಇಟ್ಟರು. ಹಲಗೆಗಳ ಮೇಲೆ ಕೂತವರೆಲ್ಲ ಕತ್ತು ಚಾಚಿದರು. ಅರ್ಧ ಕಟ್ಟಿದ ದೋಣಿಯ ಪಕ್ಕ ನಿಂತಿದ್ದ ಬಡಗಿಯೂ ಉಜ್ಜುಗೊರಡು ಹಿಡಿದುಕೊಂಡೇ ಬಗ್ಗಿ ನೋಡಿದ. ನಕ್ಷೆಯಲ್ಲಿ ಊರವರು ಸೇರಿ ಕೂರಲು ದೊಡ್ಡ ಕಟ್ಟೆ, ಸುತ್ತ ಕಲ್ಲುಬೆಂಚು, ಮಕ್ಕಳಿಗೆ ಉಯ್ಯಾಲೆ, ಎಲ್ಲವೂ ಇತ್ತು. ಅವನು ದೋಣಿ ಕಟ್ಟುವ ಚಪ್ಪರ ಮಾತ್ರ ಇರಲಿಲ್ಲ.

"ನನ್ನ ಚಪ್ಪರ ಎಲ್ಲಿ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಬಾಯಿ ತೆರೆದವನು ಬಡಗಿಯ ಹೆಂಡತಿಯ ತಮ್ಮ. ಈ ಕೆಲಸಕ್ಕೆಲ್ಲ ಮುಂದಾಗಿ ಓಡಾಡುತ್ತಿದ್ದವನು ಅವನೇ. ಹಲಗೆಯ ನಡುಮಧ್ಯೆ, ಇಬ್ಬರ ಜಾಗದಲ್ಲಿ ಒಬ್ಬನೇ ಕೂತಿದ್ದ. "ಇಲ್ಲೇ ಭಾವ, ಕಟ್ಟೆ ಬರೋದು. ಹೇಗಿದ್ರೂ ಊರಿನ ಜಾಗ ತಾನೇ? ನಿಮಗೆ ಐಸ್ ಫ್ಯಾಕ್ಟರಿ ಹಿಂದೆ ಇದಕ್ಕಿಂತ ದೊಡ್ಡ ಜಾಗ ನೋಡಿದೀವಿ."

"ಅಲ್ಲಿ ದೋಣಿ ಕಟ್ಟಿ ನೀರಿಗೆ ಹ್ಯಾಗೆ ಇಳಿಸ್ಲೋ? ನಿನ್ನ ತಲೆ ಮೇಲೆ ಹೊರಿಸ್ಲಾ?"

"ನನ್ನ ಮೇಲ್ಯಾಕೆ ಸಿಟ್ಟು? ಕೂತು ಮಾತಾಡೋಕೆ ಯಾವ ಜಾಗ ಇಷ್ಟ ಅಂತ ಮನೆಮನೆಗೂ ಹೋಗಿ ಕೇಳಿದ್ವಿ. ಎಲ್ಲರೂ ಇದೇ ಅಂದ್ರು. ನೀವೂ ಇದೇ ಅಂದ್ರಿ. ಚೀಟಿ ಇದೆ, ತೋರಿಸ್ಲಾ?"

ಅಂದದ್ದು ನಿಜ. ಚೀಟಿ ಹಿಡಿದು ಬಂದ ಬಾಮೈದನಿಗೆ, "ಈ ದಡದಲ್ಲಿ ಇದಕ್ಕಿಂತ ಚೆನ್ನಾದ ಜಾಗ ಇನ್ನೆಲ್ಲಿದೆಯೋ?" ಎಂದು ಹೆಮ್ಮೆಯಿಂದಲೇ ಹೇಳಿದ್ದ. ಹಸಿ ಹಲಗೆ ಒಣಗುವಾಗ ಮೇಲೆ ಭಾರವಿರದಿದ್ದರೆ ಸೊಟ್ಟಗಾಗುತ್ತದೆ. ಬೇರೆ ಬಡಗಿಗಳು ಕಲ್ಲು ಹೇರುತ್ತಾರೆ. ಇವನು ಇಪ್ಪತ್ತು ವರ್ಷದಿಂದ ಊರವರನ್ನೇ ಕೂರಿಸಿಕೊಂಡಿದ್ದ. "ಕೂತ್ಕೊಳ್ಳಿ, ನೀವು ಕೂತಷ್ಟೂ ನನ್ನ ದೋಣಿ ನೆಟ್ಟಗಿರುತ್ತೆ" ಎಂದು ನಗುತ್ತಿದ್ದ. ಬಲೆ ಹೆಣೆಯುವವರು, ಬುಟ್ಟಿ ಖಾಲಿಯಾದ ಮೀನಿನವರು, ಹೆಂಡತಿಯ ಹತ್ತಿರ ಬೈಸಿಕೊಂಡು ಬಂದವರು, ಎಲ್ಲರೂ ಬಂದು ತಳವೂರಿದ್ದು ಇಲ್ಲೇ.

"ಕೂರೋಕೆ ಎಲ್ಲಿ ಚೆನ್ನ ಅಂತ ಕೇಳಿದ್ರಿ, ಹೇಳ್ದೆ. ನಿನ್ನ ಎಬ್ಬಿಸ್ಬಹುದಾ ಅಂತ ಯಾರಾದ್ರೂ ಕೇಳಿದ್ರಾ?"

ಮೀನು ಮಾರುವ ಅಜ್ಜಿ ಮೆಲ್ಲಗೆ, "ಹೋಗ್ಲಿ ಬಿಡು ಮಗಾ. ಬೆಂಚು ಬಂದ್ರೆ ನೀನೂ ಬಂದು ಕೂರ್ಬಹುದಲ್ಲ" ಎಂದಳು. ಆ ಸಮಾಧಾನದ ಮಾತಿಗೇ ಅವನ ಮೈಯೆಲ್ಲ ಉರಿದುಹೋಯಿತು.

ಉಜ್ಜುಗೊರಡು ಕೆಳಗಿಟ್ಟ. ನಕ್ಷೆಯ ಮೇಲಿಂದ ಮೊದಲು ಉಳಿ ತೆಗೆದ, ಆಮೇಲೆ ಬಾಚಿ. ಗಾಳಿಗೆ ಕಾಗದ ಪಟಪಟನೆ ಎದ್ದು ಮೇಷ್ಟ್ರ ಮುಖಕ್ಕೆ ಬಡಿಯಿತು.

"ಏಳಿ."

"ಭಾವ, ಮಾತು ಇನ್ನೂ ಮುಗಿದಿಲ್ಲ..."

"ನಿಂತ್ಕೊಂಡು ಮುಗಿಸು."

ಒಬ್ಬೊಬ್ಬರಾಗಿ ಎದ್ದರು. ದಿನವೂ ಮಾಡುವಂತೆ ಹಿಂಬದಿಗೆ ಅಂಟಿದ ಮರದ ಹೊಟ್ಟು ಕೊಡವಿಕೊಂಡರು. ಅಜ್ಜಿಗೆ ಏಳಲಾಗಲಿಲ್ಲ, ಅವನೇ ರಟ್ಟೆ ಹಿಡಿದು ಎಬ್ಬಿಸಿದ, ಮುಖ ಮಾತ್ರ ನೋಡಲಿಲ್ಲ.

ಆಮೇಲೆ ನೀರಿನಂಚಿಗೆ ಹೋಗಿ ಕಲ್ಲು ಹೊತ್ತು ತರತೊಡಗಿದ. ಯಾರೂ ಕೈಜೋಡಿಸಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಸುತ್ತ ನಿಂತು ನೋಡುತ್ತಿದ್ದರು. ಅಜ್ಜಿ ಕೂತಿದ್ದಲ್ಲಿ ಒಂದು ಸಣ್ಣದು ಇಟ್ಟ. ಮೇಷ್ಟ್ರು ಕೂತಿದ್ದಲ್ಲಿ ಒಂದು. ಬಾಮೈದ ಕೂತಿದ್ದ ಜಾಗಕ್ಕೆ ಎರಡು ಬೇಕಾಯಿತು.